ಕಸುಬೇ ಕರೆಯಾಗುವಾಗ

ಪ್ರತಿ ಆದಿತ್ಯವಾರದ ಆರಾಧನೆಯಲ್ಲಿ ನಾವು ಸಭೆಯಾಗಿ ಮಾಡುವ ಮಧ್ಯಸ್ಥಿಕೆಯ ಪ್ರಾರ್ಥನೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ಬಿಷಪರಿಗಾಗಿ, ಸಭಾಪಾಲಕರಿಗಾಗಿ, ಸುವಾರ್ತಿಕರಿಗಾಗಿ, ದೂರದ ಸೇವಾಕ್ಷೇತ್ರಗಳಲ್ಲಿ ದುಡಿಯುವವರಿಗಾಗಿ ಪ್ರಾರ್ಥಿಸುತ್ತೇವೆ. ದೇಶವನ್ನು ಆಳುವವರನ್ನೂ ಹಾಸಿಗೆ ಹಿಡಿದವರನ್ನೂ ಮರೆಯುವುದಿಲ್ಲ. ಆದರೆ ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಬ್ಯಾಂಕಿಗೆ, ವರ್ಕ್‌ಶಾಪಿಗೆ, ಆಸ್ಪತ್ರೆಯ ವಾರ್ಡಿಗೆ, ಕಂಪ್ಯೂಟರಿನ ಮುಂದಕ್ಕೆ ಹೋಗುವವರಿಗಾಗಿ, ಅವರು ಅಲ್ಲಿ ಮಾಡುವ ಕೆಲಸಕ್ಕಾಗಿ ಪ್ರಾರ್ಥಿಸಿದ್ದನ್ನು ನೀವು ಎಷ್ಟು ಬಾರಿ ಕೇಳಿದ್ದೀರಿ? ಕೆಲಸ ಸಿಗಲೆಂದು ಪ್ರಾರ್ಥನೆ ಉಂಟು; ಸಿಕ್ಕಿದಾಗ ಸ್ತೋತ್ರಕಾಣಿಕೆಯೂ ಉಂಟು. ಅಲ್ಲಿಂದ ಮುಂದೆ ಮೂವತ್ತು ಮೂವತ್ತೈದು ವರ್ಷಗಳ ದುಡಿಮೆ ಮಾತ್ರ ನಮ್ಮ ಪ್ರಾರ್ಥನೆಯ ಪಟ್ಟಿಯಿಂದ ಹೇಗೋ ಜಾರಿಹೋಗಿದೆ.

ಪರೀಕ್ಷೆಯ ಫಲಿತಾಂಶಗಳು ಬರುವ ಕಾಲದಲ್ಲಿ ನಮ್ಮ ಅನೇಕ ಸಭೆಗಳಲ್ಲಿ ಯುವಜನರಿಗಾಗಿ ವೃತ್ತಿ ಮಾರ್ಗದರ್ಶನದ ಕೂಟಗಳು ನಡೆಯುತ್ತವೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನನ್ನಂಥವರನ್ನು ಅಲ್ಲಿಗೆ ಅಧ್ಯಕ್ಷತೆಗೆ ಕರೆಯುವುದು ರೂಢಿ. ಮೊದಲು ಒಬ್ಬರು ಬಂದು ಯಾವ ಕೋರ್ಸಿಗೆ ಎಷ್ಟು ಸಂಬಳ ಎಂದು ಪರದೆಯ ಮೇಲೆ ತೋರಿಸುತ್ತಾರೆ. ನಾಯಕತ್ವ ಬೆಳೆಸಿಕೊಳ್ಳಿ, ಸೃಜನಶೀಲರಾಗಿ ಎನ್ನುತ್ತಾರೆ. ಅವರು ಕೆಳಗಿಳಿದ ಮೇಲೆ ಇನ್ನೊಬ್ಬರು ಬಂದು, ಲೋಕದ ಗಳಿಕೆಯೆಲ್ಲ ವ್ಯರ್ಥ, ನಿಮ್ಮ ಜೀವಿತವನ್ನು ಕರ್ತನ ಸೇವೆಗೆ ಕೊಡಿರಿ ಎಂದು ಕರೆ ಕೊಡುತ್ತಾರೆ. ಇಬ್ಬರೂ ಒಳ್ಳೆಯವರೇ. ಆದರೆ ಒಂದೇ ಸಭಾಂಗಣದಲ್ಲಿ, ಒಂದೇ ಗಂಟೆಯೊಳಗೆ ಹೇಳಿದ ಈ ಎರಡು ಮಾತುಗಳು ಪರಸ್ಪರ ಮುಖ ನೋಡುವುದೇ ಇಲ್ಲ. ಚಹಾ ಕುಡಿದು ಮನೆಗೆ ಹೋಗುವ ಹದಿನೆಂಟರ ಮಕ್ಕಳು ಅವೆರಡನ್ನೂ ಹೊತ್ತುಕೊಂಡು ಹೋಗುತ್ತಾರೆ. ಹೊಲಿದು ಒಂದು ಮಾಡುವ ಕೆಲಸ ಅವರ ಪಾಲಿಗೆ ಬೀಳುತ್ತದೆ.

ನಾನು ವಾಸಿಸುವ ಕೊಟ್ಟಾರದಲ್ಲಿ ಇದು ಹಗುರವಾದ ಪ್ರಶ್ನೆಯಲ್ಲ. ಮಂಗಳೂರಿನ ಉತ್ತರದ ಅಂಚಿನಲ್ಲಿರುವ ನಮ್ಮ ಕೊಟ್ಟಾರ ಒಂದು ಕಾಲಕ್ಕೆ ತೆಂಗಿನ ತೋಟಗಳ, ಹಂಚಿನ ಮನೆಗಳ ಊರು. ಚೌಕಿಯಿಂದ ಮುಂದೆ ಕುಳೂರಿನ ಹೊಳೆಗೆ ಸೇತುವೆ ಬರುವುದಕ್ಕೆ ಮೊದಲು ದೋಣಿಯಲ್ಲಿ ದಾಟಬೇಕಿತ್ತೆಂಬುದಕ್ಕೆ ‘ಕುಳೂರು ಫೆರಿ ರಸ್ತೆ’ ಎಂಬ ಹೆಸರೇ ಸಾಕ್ಷಿ. ಅದೇ ರಸ್ತೆಯ ಬದಿಯಲ್ಲಿ ಇನ್‌ಫೋಸಿಸ್ ತನ್ನ ಕಟ್ಟಡಗಳನ್ನು ಎಬ್ಬಿಸಿದ ಮೇಲೆ ಊರಿನ ಚಹರೆ ಬದಲಾಯಿತು. ಕೊರಳಲ್ಲಿ ಗುರುತುಚೀಟಿ ತೂಗುಹಾಕಿಕೊಂಡ ಯುವಕ ಯುವತಿಯರು ಬಂದರು. ಅವರಿಗೆ ಬಾಡಿಗೆ ಮನೆಗಳು, ಊಟದ ಮೆಸ್ಸುಗಳು ಬಂದವು. ಹಿತ್ತಿಲುಗಳಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು. ಹೆದ್ದಾರಿಯ ಮೇಲೆ ಮೇಲ್ಸೇತುವೆಯೂ ಬಂತು. ಮಳೆನೀರು ಮಾತ್ರ ಹಳೆಯ ದಾರಿಯನ್ನು ಮರೆತಿಲ್ಲ. 2018ರ ಮೇ 29ರಂದು ಅದು ಚೌಕಿಯನ್ನು ಹೇಗೆ ಮುಳುಗಿಸಿತೆಂಬುದನ್ನು ಕಂಡವರು ಮರೆಯಲಾರರು.

ಈ ಊರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ತಂತ್ರಾಂಶ ಕಂಪನಿಯೊಂದರ ಕೆಲಸಕ್ಕೆ ಹೋಗುತ್ತಿದ್ದವಳು ನನ್ನ ತಂಗಿಯ ಮಗಳು. ಗಾಯನ ಮಂಡಳಿಯಲ್ಲಿ ಹಾಡುವವಳು, ಭಾನುವಾರ ಶಾಲೆಯ ಮಕ್ಕಳಿಗೆ ಅಚ್ಚುಮೆಚ್ಚಿನವಳು. ತಂಗಿ ವಿಧವೆ, ಮಗನ ಓದು ಇನ್ನೂ ಮುಗಿದಿರಲಿಲ್ಲ, ಮನೆಯ ಸಾಲದ ಕಂತು ಈ ಹುಡುಗಿಯ ಸಂಬಳದಿಂದಲೇ ಹೋಗುತ್ತಿತ್ತು. ಒಂದು ಉಜ್ಜೀವನ ಕೂಟದಿಂದ ಹಿಂದಿರುಗಿದ ಮೇಲೆ ಅವಳು ಕೆಲಸಕ್ಕೆ ರಾಜೀನಾಮೆ ಕೊಡುವ ನಿರ್ಧಾರಕ್ಕೆ ಬಂದಳು.

“ದೊಡ್ಡಮ್ಮಾ, ಯಾವುದೋ ದೇಶದ ವಿಮಾ ಕಂಪನಿಯ ಅರ್ಜಿಗಳನ್ನು ವಿಂಗಡಿಸುವ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಇದರಿಂದ ದೇವರ ರಾಜ್ಯಕ್ಕೆ ಏನು ಪ್ರಯೋಜನ, ನೀವೇ ಹೇಳಿ. ಪೂರ್ಣಾವಧಿ ಸೇವೆಗೆ ಹೋಗುತ್ತೇನೆ” ಎಂದಳು.

“ಸೇವೆಗೆ ಹೋಗುವುದಕ್ಕೆ ನಾನು ಅಡ್ಡ ಬರುವವಳಲ್ಲ ಮಗಾ. ಆದರೆ ನೀನು ಒಂದು ಕಡೆಗೆ ಹೋಗುತ್ತಿದ್ದೀಯೋ, ಒಂದು ಕಡೆಯಿಂದ ಓಡುತ್ತಿದ್ದೀಯೋ?” ಎಂದು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ನನ್ನ ಬಳಿಯೂ ಸಿದ್ಧ ಉತ್ತರ ಇರಲಿಲ್ಲ. ಆದರೆ ನಮ್ಮ ಹಿರಿಯರ ಕಥೆಯಲ್ಲಿ ಅದರ ಒಂದು ಭಾಗವಾದರೂ ಇದೆಯೆಂದು ತೋರಿತು. ಆ ಕಥೆಯನ್ನು ಅವಳಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ.

1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದರೆಂಬುದು ನಮ್ಮ ಸಭೆಗಳ ಮಕ್ಕಳಿಗೂ ಬಾಯಿಪಾಠ. ಅನಂತರ ಎದುರಾದ ಕಷ್ಟದ ಬಗ್ಗೆ ನಾವು ಅಷ್ಟಾಗಿ ಮಾತಾಡುವುದಿಲ್ಲ. ದೀಕ್ಷಾಸ್ನಾನ ಹೊಂದಿದವನಿಗೆ ಮರುದಿನದ ಗಂಜಿ ಎಲ್ಲಿಂದ? ಮನೆಯವರು ಹೊರಗೆ ಹಾಕುತ್ತಿದ್ದರು. ಗೇಣಿಯ ಭೂಮಿ ಕೈಬಿಟ್ಟು ಹೋಗುತ್ತಿತ್ತು. ಶೇಂದಿ ಇಳಿಸುವ ಕುಟುಂಬಗಳಿಂದ ಬಂದವರು ಬಹಳ. ಆ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಜಾತಿ ಹೋಯಿತು ಎಂದರೆ ಆ ಕಾಲದಲ್ಲಿ ಕಸುಬು ಹೋಯಿತು ಎಂದೇ ಅರ್ಥ. ಉಪದೇಶಿಗಳಾಗಿ, ಶಾಲಾ ಮಾಸ್ತರರಾಗಿ ಕೆಲವರಿಗೆ ಅನ್ನ ಸಿಕ್ಕೀತು, ಉಳಿದವರು?

ಮಿಶನರಿಗಳು ಏನೇನೋ ಪ್ರಯತ್ನಿಸಿದರು. ಬೇಸಾಯ ಮಾಡಿ ನೋಡಿದರು, ಗಡಿಯಾರದ ಕೆಲಸ ಕಲಿಸಿ ನೋಡಿದರು. ಒಂದಾದ ಮೇಲೊಂದು ಕೈಕೊಟ್ಟಿತು. ಇದನ್ನು ಓದುವಾಗಲೆಲ್ಲ ನನಗೆ ಸಮಾಧಾನವಾಗುತ್ತದೆ. ಪ್ರಾರ್ಥನೆ ಮಾಡಿ ಆರಂಭಿಸಿದ ಉದ್ಯಮವೆಲ್ಲ ಗೆಲ್ಲುತ್ತದೆಂದು ಯಾರಾದರೂ ಹೇಳಿದರೆ ನಮ್ಮ ಸಭೆಯ ಚರಿತ್ರೆಯೇ ಅದನ್ನು ಅಲ್ಲಗಳೆಯುತ್ತದೆ. ನಿಂತದ್ದು ಮೂರು ಕೆಲಸಗಳು. ಮೊದಲನೆಯದು 1841ರಲ್ಲಿ ಆರಂಭವಾದ ಮುದ್ರಣಾಲಯ. ಕಲ್ಲಚ್ಚಿನಿಂದ ಶುರುವಾದ ಮುದ್ರಣದ ಬಲದಿಂದಲೇ ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದರು, ಕನ್ನಡದ ಮೊದಲ ಪತ್ರಿಕೆ ನಮ್ಮ ಊರಿನಲ್ಲಿ ಹುಟ್ಟಿತು. ಎರಡನೆಯದು ನೇಯ್ಗೆ. ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಖಾಕಿ ಬಣ್ಣವನ್ನು ಸಿದ್ಧಪಡಿಸಿದ ಸಂಗತಿ ಪ್ರಸಿದ್ಧವಾದದ್ದು. ಮೂರನೆಯದು ಹಂಚು. ಅದರಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿಗೆ ಬಂದದ್ದು 1850ರ ದಶಕದ ಆರಂಭದಲ್ಲಿ, ಮುದ್ರಣಾಲಯದ ಕೆಲಸಕ್ಕೆ. ಯಂತ್ರ ಬಲ್ಲವರು, ಅಚ್ಚಿನ ಮೊಳೆಗಳ ಕೆಲಸ ಬಲ್ಲವರು. ಪುಸ್ತಕ ಅಚ್ಚುಮಾಡುವವನಿಗೆ ಮಣ್ಣಿನ ಗೊಡವೆ ಯಾಕೆ? ಆದರೆ ಅವರು ಎರಡು ಸಂಗತಿಗಳನ್ನು ಕಂಡರು. ಒಂದು, ಈ ಊರಿನ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಈ ಮಳೆಗೆ ಬಡವರ ತಲೆಯ ಮೇಲಿದ್ದದ್ದು ಮುಳಿಹುಲ್ಲು, ಇಲ್ಲವೆ ಹೆಣೆದ ಮಡಲು. ವರ್ಷ ವರ್ಷವೂ ಹೊದೆಸಬೇಕು. ಒಂದು ಕಿಡಿ ಬಿದ್ದರೆ ಕೇರಿಯೇ ಸುಟ್ಟುಹೋಗಬೇಕು. ಉಳ್ಳವರ ಮನೆಯ ನಾಡಹಂಚನ್ನೂ ಮಳೆಗಾಲಕ್ಕೆ ಮುಂಚೆ ಕೈಯಾಡಿಸಿ ಸರಿಪಡಿಸಬೇಕು. ಇನ್ನೊಂದು, ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಬದಿಯ ಜೇಡಿಮಣ್ಣು. ಈ ಎರಡನ್ನೂ ಇಲ್ಲಿ ಹುಟ್ಟಿದವರೆಲ್ಲ ದಿನವೂ ನೋಡುತ್ತಿದ್ದರು. ಎರಡನ್ನೂ ಒಟ್ಟಿಗೆ ನೋಡಿದವರು ಪ್ಲೆಬ್ಸ್ಟ್. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಮೊದಮೊದಲು ಯಂತ್ರ ತಿರುಗಿಸಲು ಎತ್ತುಗಳು; ದಿನಕ್ಕೆ ಕೆಲವು ನೂರು ಹಂಚುಗಳು ಮಾತ್ರ.

ತಲಾಂತುಗಳ ಸಾಮ್ಯದಲ್ಲಿ ಒಬ್ಬನು ತನಗೆ ಕೊಟ್ಟದ್ದನ್ನು ಮಣ್ಣಿನಲ್ಲಿ ಹೂತಿಟ್ಟನಷ್ಟೆ. ಇವರು ಮಣ್ಣನ್ನೇ ಅಗೆದು ತಲಾಂತನ್ನು ಹೊರತೆಗೆದರು ಎಂದು ನಾನು ತರಗತಿಯಲ್ಲಿ ತಮಾಷೆಗೆ ಹೇಳುವುದಿತ್ತು.

ಸೃಜನಶೀಲತೆ ಎಂದ ಕೂಡಲೇ ಇಲ್ಲದ್ದನ್ನು ಶೂನ್ಯದಿಂದ ಹುಟ್ಟಿಸುವುದು ಎಂದು ನಾವು ಭಾವಿಸುತ್ತೇವೆ. ಅದು ದೇವರೊಬ್ಬನ ಕೆಲಸ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚನ್ನು ಪ್ಲೆಬ್ಸ್ಟ್ ಕಂಡುಹಿಡಿದವರಲ್ಲ. ಅಲ್ಸೇಸಿನ ಗಿಲಾರ್ಡೊನಿ ಸಹೋದರರು 1841ರಷ್ಟು ಹಿಂದೆಯೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಅಲ್ಲಿಯ ತಿಳುವಳಿಕೆ, ಇಲ್ಲಿಯ ಮಣ್ಣು, ಇಲ್ಲಿಯ ಮಳೆ, ಕೆಲಸವಿಲ್ಲದೆ ಕುಳಿತ ಇಲ್ಲಿಯ ಕೈಗಳು: ಈ ನಾಲ್ಕನ್ನು ಜೋಡಿಸಿದ್ದು ಅವರ ಸೃಷ್ಟಿ. ಮುದ್ರಣದ ಮೊಳೆಗಳನ್ನು ಒತ್ತೊತ್ತಾಗಿ ಜೋಡಿಸುತ್ತಿದ್ದವರಿಗೆ ಹಂಚುಗಳ ಜೋಡಣೆ ಹೊಸತೆನಿಸಲಿಕ್ಕಿಲ್ಲ ಎಂಬುದು ನನ್ನ ಊಹೆ.

ನನ್ನ ತಂದೆಯ ತಂದೆ ನೇತ್ರಾವತಿ ದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಸುಡುವ ಗೂಡಿನ ಬಳಿ ದುಡಿದವರು. ಅಜ್ಜ ಹೇಳುತ್ತಿದ್ದ ಕ್ರಮ ನನಗೆ ಈಗಲೂ ನೆನಪಿದೆ. ಮಣ್ಣು ಬಂದ ಕೂಡಲೇ ಉಪಯೋಗಿಸುವಂತಿಲ್ಲ; ರಾಶಿ ಹಾಕಿ ಹದಕ್ಕೆ ಬಿಡಬೇಕು. ಅರೆದು, ನಾದಿ, ಹಲಗೆಯಂತೆ ಮಾಡಿ, ಅಚ್ಚಿನಲ್ಲಿಟ್ಟು ಒತ್ತಬೇಕು. ಅಂಚಿನಲ್ಲಿ ಹೊರಗೆ ಬಂದ ಮಣ್ಣನ್ನು ಕೊಯ್ದು ತೆಗೆಯಬೇಕು. ಅದು ಹೆಚ್ಚಾಗಿ ಹೆಂಗಸರ ಕೈಕೆಲಸ. ಅನಂತರ ನೆರಳಿನಲ್ಲಿ, ಮರದ ಚೌಕಟ್ಟುಗಳ ಮೇಲೆ, ನಿಧಾನವಾಗಿ ಒಣಗಬೇಕು. “ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ, ಅಷ್ಟೇ ಬೇಗ ಸೊಟ್ಟಗಾಗುತ್ತದೆ” ಎನ್ನುತ್ತಿದ್ದರು. ಸೊಟ್ಟಗಾದ ಹಂಚು ನೆರೆಯ ಹಂಚಿನೊಡನೆ ಕೂರುವುದಿಲ್ಲ, ಕೂರದಿದ್ದರೆ ಸೋರುತ್ತದೆ. ಗೂಡಿನ ಬೆಂಕಿಯ ಬಣ್ಣ ನೋಡಿಯೇ ಅಜ್ಜ ಒಳಗಿನ ಹದ ಹೇಳುತ್ತಿದ್ದರಂತೆ.

ಈ ಹಂಚಿನ ರಚನೆಯನ್ನು ನೀವು ಕೈಯಲ್ಲಿ ಹಿಡಿದು ನೋಡಿದ್ದೀರಾ? ಬದಿಯಲ್ಲೂ ತಲೆಯಲ್ಲೂ ತೋಡು. ಪಕ್ಕದ ಹಂಚಿನ ಅಂಚು ಆ ತೋಡಿನೊಳಗೆ ಇಳಿಯುತ್ತದೆ. ಕೆಳಗೆ ಎರಡು ಗುಬ್ಬಿ. ಅವು ಪಕ್ಕಾಸಿನ ಮೇಲೆ ಬಡಿದ ರೀಪಿಗೆ ಸಿಕ್ಕಿಕೊಳ್ಳುತ್ತವೆ. ಮೊಳೆ ಬೇಡ, ಗಾರೆ ಬೇಡ. ಒಂದು ಒಡೆದರೆ ಮಾಡನ್ನೆಲ್ಲ ಬಿಚ್ಚುವ ಅಗತ್ಯವಿಲ್ಲ. ಮೇಲಿನದನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ಜಾರಿಸಿ ತೆಗೆದು ಹೊಸದನ್ನು ಇಟ್ಟರಾಯಿತು. ಅದಕ್ಕೆ ಎಂಜಿನಿಯರು ಬೇಕಿಲ್ಲ. ಏಣಿ ಹತ್ತಬಲ್ಲ ಮನೆಯ ಮಗ ಸಾಕು. ಬಳಸುವವನನ್ನು ತಯಾರಕನ ಮೇಲೆ ಅವಲಂಬಿಸುವಂತೆ ಮಾಡದ ಇಂಥ ವಸ್ತುವಿನಲ್ಲಿ ಒಂದು ಬಗೆಯ ನೆರೆಯವನ ಪ್ರೀತಿ ಅಡಗಿದೆ ಎಂದು ನಾನು ನಂಬುತ್ತೇನೆ.

ಇನ್ನೊಂದು ವಿಷಯ. ಕಾರ್ಖಾನೆಯ ಹೆಸರು, ಊರು, 1865 ಎಂಬ ಇಸವಿ ಆ ಹಂಚುಗಳ ಮೇಲೆ ಒತ್ತಿರುತ್ತದೆ. ಅದು ಕಾಣುವುದು ಒಳಮೈಯಲ್ಲಿ. ದಾರಿಹೋಕರಿಗೆ ಅದು ಗೋಚರಿಸುವುದಿಲ್ಲ. ಒಳಗೆ ಚಾಪೆಯ ಮೇಲೆ ಮಲಗಿ ಮೇಲೆ ನೋಡುವವರಿಗೆ, ಜ್ವರ ಬಂದು ಮಲಗಿದ ಮಕ್ಕಳಿಗೆ, ಮುದುಕರಿಗೆ ಕಾಣುತ್ತದೆ. ಇದಕ್ಕೆ ಸಾದಾ ಕಾರಣವಿರಬಹುದು: ಮೇಲ್ಮೈಗೆ ಮಳೆ, ಪಾಚಿ. ಆದರೂ ನಾನು ಬಾಲ್ಯದಲ್ಲಿ ಆಂಗ್ಲ ಅಕ್ಷರಗಳನ್ನು ಕೂಡಿಸಿ ಓದಲು ಕಲಿತದ್ದು ಹಾಗೆ ಮಾಡನ್ನು ನೋಡುತ್ತಲೇ.

ಈಗ ನಾಯಕತ್ವದ ಮಾತು. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರವನ್ನು ಕಟ್ಟಲು ಕರೆಯಲ್ಪಟ್ಟ ಬೆಚಲೇಲನನ್ನು ನೆನಪಿಸಿಕೊಳ್ಳಿ. ದೇವರ ಆತ್ಮದಿಂದ ತುಂಬಿದವನು ಎಂದು ಅಲ್ಲಿ ಹೆಸರಿಸಿರುವ ಈತ ಪ್ರವಾದಿಯಲ್ಲ, ಯಾಜಕನಲ್ಲ. ಚಿನ್ನ, ತಾಮ್ರ, ಮರ, ಕಲ್ಲುಗಳಲ್ಲಿ ಕೈಚಳಕವುಳ್ಳ ಕುಶಲಕರ್ಮಿ. ಮೂವತ್ತೊಂದನೆಯ ಅಧ್ಯಾಯದಲ್ಲಿ ಈ ಮಾತನ್ನು ಓದಿ ನಾವು ನಿಲ್ಲಿಸುತ್ತೇವೆ. ಮೂವತ್ತೈದನೆಯದಕ್ಕೆ ಹೋದರೆ ಇನ್ನೊಂದು ವರದ ಉಲ್ಲೇಖವಿದೆ: ಅವನಿಗೂ ಅವನ ಜೊತೆಗಾರ ಒಹೊಲೀಯಾಬನಿಗೂ ಇತರರಿಗೆ ಕಲಿಸುವ ಮನಸ್ಸನ್ನು ದೇವರು ಕೊಟ್ಟನೆಂದು. ಕೈಕೆಲಸದ ವರ ಅನೇಕರಿಗಿರುತ್ತದೆ. ತನ್ನ ಕೈಕೆಲಸವನ್ನು ಮತ್ತೊಬ್ಬನ ಕೈಗೆ ದಾಟಿಸುವ ಮನಸ್ಸು ಅಪರೂಪ. ಪ್ಲೆಬ್ಸ್ಟರ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ವಿದ್ಯೆ ಕಾರ್ಖಾನೆಯ ಗೋಡೆಯೊಳಗೆ ಉಳಿಯಲಿಲ್ಲ. ಮೂರೇ ವರ್ಷಗಳಲ್ಲಿ, 1868ರಲ್ಲಿ, ಆಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂತು. ಬರಬರುತ್ತ ಎರಡೂ ಹೊಳೆಗಳ ದಂಡೆಗಳ ಮೇಲೆ ಎಲ್ಲ ಮತದವರ ಹಂಚಿನ ಕಾರ್ಖಾನೆಗಳ ಹೊಗೆಕೊಳವೆಗಳು ಎದ್ದವು. ಮಿಶನ್ನಿನ ಕಾರ್ಖಾನೆಗಳೇ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್‌ಗಳಿಗೆ ಹಬ್ಬಿದವು. ಬರ್ಮಾ, ಸಿಂಹಳ, ಪೂರ್ವ ಆಫ್ರಿಕಗಳಿಗೆ ಹಡಗು ಹತ್ತಿದ ಆ ಹಂಚಿಗೆ ಮಂಗಳೂರು ಹಂಚು ಎಂದೇ ಹೆಸರಾಯಿತು. ಪ್ಲೆಬ್ಸ್ಟರ ಹೆಸರು ಇಂದು ಮಂಗಳೂರಿನ ಎಷ್ಟು ಜನರಿಗೆ ಗೊತ್ತು?

ಹಾಗೆಂದು ಎಲ್ಲವೂ ಚೆನ್ನಾಗಿತ್ತು ಎಂದು ಬರೆದರೆ ನಿಮಗೆ ಅರ್ಧ ಸತ್ಯವನ್ನು ಕೊಟ್ಟಂತಾಗುತ್ತದೆ. ಸುವಾರ್ತೆ ಸಾರಲು ಬಂದವರು ವ್ಯಾಪಾರಿಗಳಾಗುವುದು ಸರಿಯೇ ಎಂಬ ಚರ್ಚೆ ಮಿಶನ್ನಿನೊಳಗೇ ಇತ್ತು. ಲಾಭ ಬಂದರೆ ಅದು ಯಾರದು? ದಣಿಯೂ ಸಭಾಪಾಲಕನೂ ಒಂದೇ ಮನೆಯವರಾದರೆ ಕೆಲಸಗಾರ ತನ್ನ ದೂರನ್ನು ಯಾರಿಗೆ ಹೇಳಬೇಕು? ಕಾರ್ಖಾನೆಯ ಗಂಟೆ, ಬೆಳಗಿನ ಪ್ರಾರ್ಥನೆ, ಕುಡಿತಕ್ಕೆ ನಿಷೇಧ, ಉಳಿತಾಯದ ರೂಢಿ ಇವುಗಳಿಂದ ಎಷ್ಟೋ ಕುಟುಂಬಗಳು ತಲೆಯೆತ್ತಿ ನಿಂತವು, ನಿಜ. ಆದರೆ ಮಿಶನ್ ಇದೆ, ಕೆಲಸ ಕೊಡುತ್ತದೆ ಎಂಬ ಒರಗುವ ಸ್ವಭಾವವೂ ನಮ್ಮಲ್ಲಿ ಬೆಳೆಯಿತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಜರ್ಮನ್ ಮಿಶನರಿಗಳು ಊರು ಬಿಡಬೇಕಾಗಿ ಬಂತು. ಕಾರ್ಖಾನೆಗಳು ಅವರ ಕೈತಪ್ಪಿ, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಒರಗಿದ್ದ ಗೋಡೆ ಸರಿದಂತೆ ಆಗಿತ್ತೆಂದು ಅಜ್ಜ ಹೇಳುತ್ತಿದ್ದರು. ಆದರೂ ಕಸುಬು ಕೈಯಲ್ಲಿದ್ದವನು ಬೇರೆ ಕಾರ್ಖಾನೆಗೆ ಹೋಗಿ ದುಡಿದ. ಅಚ್ಚುಕೂಟದಲ್ಲಿ ಮೊಳೆ ಜೋಡಿಸಲು ಕಲಿತವನು ಬೇರೆ ಅಚ್ಚುಕೂಟ ಹಿಡಿದ. ಅಜ್ಜನೂ ಹಾಗೆಯೇ ಬದುಕಿಕೊಂಡವರು.

ಅದೇ ಮುದ್ರಣಾಲಯದಲ್ಲಿ 1894ರಲ್ಲಿ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂತು. ಅವರು ಭಾರತಕ್ಕೆ ಬಂದದ್ದು 1853ರಲ್ಲಿ. ಸುಮಾರು 70,000 ಶಬ್ದಗಳ ಆ ಗ್ರಂಥದ ಬಗ್ಗೆ ನಾನು ಹೊಸದಾಗಿ ಹೇಳುವುದೇನೂ ಇಲ್ಲ. ಆದರೆ ಅದರ ಒಂದು ಪುಟವನ್ನು ತೆರೆದು ನೋಡಿ: ಕನ್ನಡ ಲಿಪಿ, ರೋಮನ್ ಲಿಪಿ, ಅಕ್ಷರಗಳ ಮೇಲೂ ಕೆಳಗೂ ಚುಕ್ಕೆಗಳು, ಗೆರೆಗಳು. ಅದನ್ನು ಒಂದೊಂದೇ ಮೊಳೆಯಾಗಿ ಜೋಡಿಸಿದವರು ನಮ್ಮ ಬಲ್ಮಠದ, ಜೆಪ್ಪುವಿನ ಯಾರೋ ಮುತ್ತಜ್ಜಂದಿರು. ಅವರ ಹೆಸರನ್ನು ಯಾವ ಶಿಲೆಯ ಮೇಲೂ ಕೆತ್ತಿಲ್ಲ. ಆ ಚುಕ್ಕೆ ತಪ್ಪಿದ್ದರೆ ಮಾತ್ರ ನಮಗೆ ಗೊತ್ತಾಗುತ್ತಿತ್ತು.

ನಮ್ಮ ಕಥೋಲಿಕ ನೆರೆಯವರಲ್ಲೂ ಇಂಥ ನಿದರ್ಶನಕ್ಕೆ ಕೊರತೆಯಿಲ್ಲ. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲಿನ ಚಿತ್ರಗಳನ್ನು ನೀವು ನೋಡಿಯೇ ಇರುತ್ತೀರಿ. 1899ರಿಂದ 1901ರವರೆಗೆ ಅವುಗಳನ್ನು ಬರೆದ ಅಂತೋನಿಯೊ ಮೊಸ್ಕೇನಿ ಯೇಸುಸಭೆಯ ಬ್ರದರ್, ಗುರುದೀಕ್ಷೆ ಪಡೆದವರಲ್ಲ. ಬಲಿಪೀಠದ ಮುಂದೆ ನಿಂತು ಪ್ರಸಂಗ ಮಾಡುವ ಅಧಿಕಾರ ಅವರಿಗಿರಲಿಲ್ಲ. ಅಟ್ಟಣಿಗೆ ಹತ್ತಿ ಗೋಡೆಗೆ ಬಣ್ಣ ಹಚ್ಚಿದರು. ಒಂದು ಶತಮಾನಕ್ಕೂ ಮಿಕ್ಕಿ ಆ ಗೋಡೆಗಳು ಪ್ರಸಂಗ ಮಾಡುತ್ತಿವೆ. 1905ರಲ್ಲಿ, ಇನ್ನೊಂದು ಊರಿನ ಗೋಡೆಗಳ ಕೆಲಸದ ನಡುವೆ, ಕೊಚ್ಚಿಯಲ್ಲಿ ಅವರು ತೀರಿಕೊಂಡರು.

ಇಷ್ಟನ್ನು ಕೇಳಿದ ನನ್ನ ತಂಗಿಯ ಮಗಳು ಕೇಳಿದ ಪ್ರಶ್ನೆ ನಿಮ್ಮ ಮನಸ್ಸಿನಲ್ಲೂ ಎದ್ದಿರಬಹುದು. “ಅವರೆಲ್ಲ ಮಿಶನ್ನಿನವರು ದೊಡ್ಡಮ್ಮಾ. ಹಂಚು ಮಾಡಿದರೂ ಅದು ದೇವರ ಕೆಲಸವೇ. ನನ್ನದು ಯಾರೋ ಲಾಭಕ್ಕಾಗಿ ನಡೆಸುವ ಕಂಪನಿ.” ಸರಿಯಾದ ಮಾತು. ಹಂಚಿನ ಕೆಳಗೆ ಮಲಗಿದವರಿಗೆ ಆ ವ್ಯತ್ಯಾಸ ತಿಳಿಯುತ್ತಿತ್ತೇ ಎಂದಷ್ಟೇ ನಾನು ಕೇಳಿದೆ. ನಿನ್ನ ಪ್ರೋಗ್ರಾಮಿನ ಕೆಳಗೆ ಮಲಗುವವರು ಯಾರು?

ಅವಳು ಆ ಬಗ್ಗೆ ಯೋಚಿಸಿರಲಿಲ್ಲವಂತೆ. ಆಸ್ಪತ್ರೆಯ ಖರ್ಚು ಕೊಡಿರೆಂದು ಅರ್ಜಿ ಹಾಕುವವರು ಹೆಚ್ಚಾಗಿ ವೃದ್ಧರು. ಅರ್ಜಿಯಲ್ಲಿ ಏನಾದರೂ ಕೊರತೆಯಿದ್ದರೆ ಪರದೆಯ ಮೇಲೆ ಒಂದು ಸಂಖ್ಯೆ ಮತ್ತು ‘ತಿರಸ್ಕರಿಸಲಾಗಿದೆ’ ಎಂಬ ಅರ್ಥದ ಒಂದು ಪದ ಮಾತ್ರ ಮೂಡುತ್ತಿತ್ತು. ಯಾವ ಕಾಗದ ಬೇಕು, ಎಲ್ಲಿಗೆ ಕೊಡಬೇಕು ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಅದನ್ನು ಸರಿಪಡಿಸಿರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಬಡ್ತಿಯೂ ಸಿಗುವುದಿಲ್ಲ. ಅವಳ ಕೈಕೆಳಗೆ ಆರು ಮಂದಿ ಇದ್ದರು. ಊಟದ ಬಿಡುವಿನಲ್ಲಿ ಅವರನ್ನು ಕೂರಿಸಿಕೊಂಡು ಒಂದೊಂದು ಸಂಖ್ಯೆಗೂ ಸರಳವಾದ ಎರಡು ವಾಕ್ಯ ಬರೆಯಿಸಿದಳು. ನಿಮ್ಮ ಅಜ್ಜಿಗೆ ಓದಿ ಹೇಳಿದಂತೆ ಬರೆಯಿರಿ ಎಂಬುದು ಅವಳು ಕೊಟ್ಟ ಸೂಚನೆ. ಮೇಲಿನವರ ಒಪ್ಪಿಗೆ ಸಿಗಲು ಎರಡು ತಿಂಗಳು ಹಿಡಿಯಿತು. ಎಲ್ಲರಿಗಿಂತ ಚೆನ್ನಾಗಿ ಬರೆದವನು ಆ ಗುಂಪಿನಲ್ಲಿ ತೀರ ಹೊಸಬ, ವಿಜಯಪುರದ ಕಡೆಯ ಮಾತು ಕಡಿಮೆಯ ಹುಡುಗ. ಮೇಲಿನವರ ಮುಂದೆ ವಿವರಿಸುವ ಅವಕಾಶವನ್ನು ಅವಳು ಅವನಿಗೇ ಬಿಟ್ಟುಕೊಟ್ಟಳು. ಬೆಚಲೇಲನ ಎರಡನೆಯ ವರ ಇದೇ ಎಂದು ನಾನು ಮನಸ್ಸಿನಲ್ಲೇ ಎಣಿಸಿಕೊಂಡೆ. ಅವಳಿಗೆ ಹೇಳಲಿಲ್ಲ, ಹೊಗಳಿದರೆ ಹಿಗ್ಗುವ ವಯಸ್ಸು.

ಎಲ್ಲ ಕೆಲಸವನ್ನೂ ಹೀಗೆ ಪವಿತ್ರ ಮಾಡಬಹುದೆಂದು ನಾನು ಹೇಳುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತೀರಿಸಲಾಗದವರಿಗೆ ಸಾಲ ಕೊಡಿಸಿ, ಅನಂತರ ಅವರ ಬಾಗಿಲಲ್ಲಿ ನಿಂತು ಬೆದರಿಸುವ ಕೆಲಸದಲ್ಲಿದ್ದ. ಒಳ್ಳೆಯ ಸಂಬಳ. ರಾತ್ರಿ ನಿದ್ರೆ ಬರುವುದಿಲ್ಲ, ಪ್ರಾರ್ಥಿಸಿರಿ ಟೀಚರ್ ಎಂದ. ಪ್ರಾರ್ಥಿಸುತ್ತೇನೆ, ಆದರೆ ನೀನು ಆ ಕೆಲಸ ಬಿಡು ಎಂದೆ. ಹಾಗೆಯೇ, ನಿಜವಾಗಿ ಕರೆಯಲ್ಪಟ್ಟವರು ದೇವಜ್ಞಾನ ಕಾಲೇಜಿಗೆ ಹೋಗಲೇಬೇಕು, ಅಂಥವರು ಬೇಕಾಗಿದ್ದಾರೆ. ಇರುವ ಕೆಲಸವನ್ನು ಕೀಳೆಂದು ಬಗೆದು ಬರುವವರಿಂದ ಸಭೆಗೂ ಹೆಚ್ಚಿನ ಉಪಕಾರವಾಗದು; ಯಾಕೆಂದರೆ ಸಭೆಯ ಪೀಠಗಳಲ್ಲಿ ಕುಳಿತಿರುವವರೆಲ್ಲ ಆ ‘ಕೀಳು’ ಕೆಲಸದವರೇ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆಗೆ ಗುಡಾರ ಹೊಲಿದ ಪೌಲನಿಗೆ ಈ ತೊಂದರೆ ಇದ್ದಂತೆ ಕಾಣುವುದಿಲ್ಲ.

ತಂಗಿಯ ಮಗಳು ಎರಡು ವರ್ಷಗಳ ಮೇಲೆ ಆ ಕಂಪನಿಯನ್ನು ಬಿಟ್ಟಳು. ಸಂಬಳ ತುಸು ಕಡಿಮೆಯಾದರೂ ಆಸ್ಪತ್ರೆಗಳಿಗೆ ತಂತ್ರಾಂಶ ಮಾಡುವ ಇನ್ನೊಂದು ಕಡೆ ಸೇರಿ ಈಗ ಬೆಂಗಳೂರಿನಲ್ಲಿದ್ದಾಳೆ. ಸೇವೆಗೆ ಹೋಗುವ ಯೋಚನೆ ಪೂರ್ತಿ ಹೋಗಿಲ್ಲ ಎನ್ನುತ್ತಾಳೆ. ತಮ್ಮನ ಓದು ಮುಗಿದಿದೆ. ನೋಡೋಣ.

ನಮ್ಮ ಸಭೆಯಲ್ಲಿ ಈ ಬಾರಿಯ ಯುವಜನರ ಕೂಟವನ್ನು ಬೇರೆ ರೀತಿ ನಡೆಸಬೇಕೆಂದು ನಾವು ಕೆಲವರು ಸಭಾಪಾಲಕರ ಬಳಿ ಹೇಳಿದ್ದೇವೆ. ಪರದೆ, ಪಟ್ಟಿ ಬೇಡ. ಸಭೆಯ ಐವರು ಬಂದು ತಮ್ಮ ಒಂದು ದಿನದ ಕೆಲಸವನ್ನು ಬೆಳಗಿನಿಂದ ಸಂಜೆಯವರೆಗೆ ವಿವರವಾಗಿ ಹೇಳಲಿ. ಎಲ್ಲಿ ಕಷ್ಟ, ಎಲ್ಲಿ ಸುಳ್ಳು ಹೇಳಲು ಒತ್ತಾಯ, ಎಲ್ಲಿ ಸಂತೋಷ, ಯಾರಿಗೆ ಏನು ಕಲಿಸಿದರು, ಪ್ರಾರ್ಥನೆ ಎಲ್ಲಿ ನೆನಪಾಯಿತು. ಕೊನೆಯಲ್ಲಿ ಆ ಐದು ಕೆಲಸಗಳಿಗಾಗಿ ಹೆಸರು ಹಿಡಿದು ಪ್ರಾರ್ಥಿಸೋಣ. ನೀವೂ ನಿಮ್ಮ ಸಭೆಯಲ್ಲಿ, ಇಲ್ಲವೆ ಮನೆಯ ಸಂಜೆಯ ಪ್ರಾರ್ಥನೆಯಲ್ಲಾದರೂ ಇದನ್ನು ಮಾಡಿ ನೋಡಬಹುದು. ಒಬ್ಬ ದಾದಿ ಒಪ್ಪಿದ್ದಾರೆ; ಹೊಲಿಗೆ ಅಂಗಡಿ ನಡೆಸುವ ಒಬ್ಬ ತಾಯಿ, ಬ್ಯಾಂಕಿನ ಒಬ್ಬ ಗುಮಾಸ್ತರು, ಸ್ಕ್ಯಾನಿಂಗ್ ಯಂತ್ರ ರಿಪೇರಿ ಮಾಡುವ ಒಬ್ಬ ತರುಣ ಒಪ್ಪಿದ್ದಾರೆ. ಐದನೆಯವರು ಕೊಟ್ಟಾರದ ಮಳೆಗಾಲಗಳಲ್ಲಿ ರಾತ್ರಿ ಹೊತ್ತು ಕಂಬ ಹತ್ತಿ ದೀಪ ಬರುವಂತೆ ಮಾಡುತ್ತಿದ್ದ, ಈಗ ನಿವೃತ್ತರಾದ ಲೈನ್‌ಮ್ಯಾನ್. ವೇದಿಕೆ ಹತ್ತಲು ಮಾತ್ರ ಅವರು ಇನ್ನೂ ಒಪ್ಪಿಲ್ಲ. ಕೆಳಗೇ ಒಂದು ಕುರ್ಚಿ ಹಾಕಿರಿ, ಹುಡುಗರ ನಡುವೆ ಕುಳಿತು ಮಾತಾಡುತ್ತೇನೆ ಎಂದಿದ್ದಾರೆ.